ಚಿನ್ನ ಗೆದ್ದ ಕಾಲಿಗೆ ಪ್ಯಾಡ್ ಕಟ್ಟಿದ ನಾಯಕ

ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಚಿನ್ನ ಗೆದ್ದಾಗ ತಂಡದ ನಾಯಕ ಚುನಿ ಗೋಸ್ವಾಮಿ. ಸುಮಾರು ಹತ್ತು ವರ್ಷಗಳ ನಂತರ ಬಂಗಾಳ ರಣಜಿ ಟ್ರೋಫಿ ಫೈನಲ್ ಆಡಿದಾಗಲೂ ನಾಯಕ ಚುನಿ ಗೋಸ್ವಾಮಿ. ಒಂದೇ ಹೆಸರಿನ ಇಬ್ಬರಿರಬೇಕು ಎಂದುಕೊಂಡಿರಾ? ಅಲ್ಲ, ಇಬ್ಬರೂ ಒಬ್ಬರೇ!

ಎಂಟನೇ ವಯಸ್ಸಿಗೇ ಕಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ಸೇರಿದ ಹುಡುಗ ಬೇರೆ ಕ್ಲಬ್ಬಿನ ಕಡೆ ತಿರುಗಿಯೂ ನೋಡಲಿಲ್ಲ. 1962ರಲ್ಲಿ ಜಕಾರ್ತಾಗೆ ಹೋದ ಭಾರತ ತಂಡ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ ಸೋತಿತ್ತು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಬಂದ ಮೂರು ಗೋಲುಗಳಲ್ಲಿ ಎರಡು ಚುನಿಯವರವು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ! ಕ್ರೀಡಾಂಗಣವೆಲ್ಲ ಭಾರತದ ವಿರುದ್ಧ ಕೂಗುತ್ತಿತ್ತು. ತಲೆಗೆ ಪೆಟ್ಟಾಗಿದ್ದ ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು, ಪಿ.ಕೆ. ಬ್ಯಾನರ್ಜಿ ಇನ್ನೊಂದು. 2-1, ಚಿನ್ನ ನಮ್ಮದಾಯಿತು. ಆ ಚಿನ್ನ ಭಾರತದ ಫುಟ್‌ಬಾಲ್‌ಗೆ ಮತ್ತೆ ದಕ್ಕಿಲ್ಲ.

ಮುಂದಿನದು ಇನ್ನೂ ಬೆರಗು. 1964ರಲ್ಲಿ, ಇನ್ನೂ ಮೂವತ್ತು ದಾಟದ ವಯಸ್ಸಿನಲ್ಲಿ, ಈ ನಾಯಕ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿಬಿಟ್ಟರು! ಅಷ್ಟು ಹೊತ್ತಿಗೆ ಬಂಗಾಳದ ಪರ ರಣಜಿಗೂ ಕಾಲಿಟ್ಟಾಗಿತ್ತು. ಬ್ಯಾಟೂ ಬೀಸುತ್ತಿದ್ದರು, ಮಧ್ಯಮ ವೇಗದ ಬೌಲಿಂಗೂ ಮಾಡುತ್ತಿದ್ದರು.

1966ರ ಡಿಸೆಂಬರ್, ಇಂದೋರ್. ಎದುರಿಗಿದ್ದದ್ದು ಭಾರತ ಪ್ರವಾಸಕ್ಕೆ ಬಂದಿದ್ದ ವೆಸ್ಟ್ ಇಂಡೀಸ್, ಆ ಕಾಲದ ಕ್ರಿಕೆಟ್‌ನ ದೈತ್ಯ ತಂಡ. ಟೆಸ್ಟ್ ಸರಣಿಯನ್ನು 2-0ರಿಂದ ಗೆದ್ದುಕೊಂಡು ಹೋದದ್ದೂ ಅವರೇ. ಆದರೆ ಇಂದೋರಿನಲ್ಲಿ ಮಧ್ಯ ಮತ್ತು ಪೂರ್ವ ವಲಯಗಳ ಸಂಯುಕ್ತ ತಂಡದ ಮುಂದೆ ಅವರ ಆಟ ನಡೆಯಲಿಲ್ಲ. ಮೊದಲ ಇನಿಂಗ್ಸ್‌ನಲ್ಲಿ 136, ಎರಡನೆಯದರಲ್ಲಿ ಬರೀ 103! ಸ್ಕೋರ್‌ಕಾರ್ಡಿನ ಬೌಲಿಂಗ್ ಸಾಲಿಗೆ ಕಣ್ಣು ಹಾಯಿಸಿ: ಗೋಸ್ವಾಮಿ, 47ಕ್ಕೆ 5, ಮತ್ತೆ 50ಕ್ಕೆ 3. ಉಳಿದ ಕೆಲಸವನ್ನು 11 ವಿಕೆಟ್ ಕಿತ್ತ ಸುಬ್ರತ ಗುಹಾ ಮುಗಿಸಿದರು. ವೆಸ್ಟ್ ಇಂಡೀಸ್‌ಗೆ ಇನಿಂಗ್ಸ್ ಹಾಗೂ 44 ರನ್‌ಗಳ ಸೋಲು. ಆ ಎಂಟು ವಿಕೆಟ್ ಕಿತ್ತವರು ನಾಲ್ಕು ವರ್ಷಗಳ ಹಿಂದಿನ ಫುಟ್‌ಬಾಲ್ ನಾಯಕ!

ಬ್ಯಾಟಿನ ಕಥೆಯೂ ಕಡಿಮೆಯದಲ್ಲ. 1968-69ರ ರಣಜಿ ಫೈನಲ್‌ನಲ್ಲಿ ಬಲಾಢ್ಯ ಬಾಂಬೆ ವಿರುದ್ಧ 96 ಮತ್ತು 84. ಶತಕಕ್ಕೆ ನಾಲ್ಕೇ ರನ್ ಕೊರತೆ! 1971-72ರಲ್ಲಿ ಅವರ ನಾಯಕತ್ವದಲ್ಲೇ ಬಂಗಾಳ ಮತ್ತೆ ಫೈನಲ್ ತಲುಪಿತು. ಮತ್ತೆ ಬಾಂಬೆಗೇ ಸೋತಿತು. ಬಾಂಬೆ ಆ ಕಾಲದಲ್ಲಿ ಒಟ್ಟು ಸತತ 15 ಸಲ ರಣಜಿ ಗೆದ್ದ ತಂಡ. ಆ ಓಟಕ್ಕೆ ತಡೆ ಬಿದ್ದದ್ದು 1973-74ರಲ್ಲಿ, ಪ್ರಸನ್ನ ನಾಯಕತ್ವದ ನಮ್ಮ ಕರ್ನಾಟಕದಿಂದ. ಅಂಥ ತಂಡದ ಎದುರು ನಿಂತ ಚುನಿಯವರ ಎದೆಗಾರಿಕೆ ಎಷ್ಟೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಒಟ್ಟು 46 ಪ್ರಥಮ ದರ್ಜೆ ಪಂದ್ಯ, 1592 ರನ್, 47 ವಿಕೆಟ್. ಸಾಲದ್ದಕ್ಕೆ ಟೆನಿಸ್ ಬೇರೆ!

2020ರ ಏಪ್ರಿಲ್ 30ರಂದು ಅವರು ತೀರಿಕೊಂಡರು. ಒಂದು ಆಟ ಹಿಡಿದ ಮಗು ಇನ್ನೊಂದಕ್ಕೆ ಕೈಹಾಕಿದರೆ ಗದರುವ ಮುನ್ನ ಚುನಿ ಗೋಸ್ವಾಮಿಯವರನ್ನು ನೆನೆಯಿರಿ. ಎರಡು ಆಟಗಳಲ್ಲೂ ನಾಯಕರಾದವರು ಈ ದೇಶದಲ್ಲೇ ಇದ್ದರು.