ಯಾವ ಕ್ರಿಮಿಗೆ ಯಾವ ಔಷಧಿ? ಪರೀಕ್ಷೆಯ ಕಾಗದವನ್ನು ಓದುವ ಬಗೆ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ಬಸವಕಲ್ಯಾಣದ ಕಡೆಯ ಹಮಾಲರೊಬ್ಬರು ನಮ್ಮ ವಾಚನಾಲಯಕ್ಕೆ ಬಂದು, ಕಿಸೆಯಿಂದ ಎರಡು ಕಾಗದ ತೆಗೆದು ಪತ್ರಿಕೆಗಳ ಮೇಲೆ ಹರಡಿದರು. "ಅಣ್ಣಾರ, ಇದೇನದ ಜರಾ ನೋಡ್ರಿ. ಒಂದರಾಗ ಏನೂ ಇಲ್ಲ ಅಂದ್ರು, ಇನ್ನೊಂದರಾಗ ಇಷ್ಟುದ್ದ ಪಟ್ಟಿ ಅದ" ಎಂದರು. ನಾವು ವೈದ್ಯರಲ್ಲ; ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಆದರೂ ಇಂಥ ಕಾಗದಗಳು ನಮ್ಮ ಮೇಜಿಗೆ ಪದೇ ಪದೇ ಬರುವುದರಿಂದ, ಪ್ರಯೋಗಶಾಲೆಯಲ್ಲಿ ದುಡಿಯುವ ಮಿತ್ರರೊಬ್ಬರನ್ನು ಕೇಳಿ, ನಾಲ್ಕು ಪುಸ್ತಕ ನೋಡಿ, ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇವೆ.

ಅವರ ಕತೆ ನಮ್ಮಲ್ಲಿ ಅನೇಕರ ಕತೆಯೇ. ಜ್ವರ ಬಂತು. ಒಂದು ದಿನ ಮನೆಯಲ್ಲಿ ಕುಳಿತರೆ ಒಂದು ದಿನದ ಕೂಲಿ ಹೋಯಿತು. ಔಷಧಿ ಅಂಗಡಿಯವನು ಹೆಸರು ಕೇಳದೆ ಎರಡೆರಡು ಮಾತ್ರೆ ಕತ್ತರಿಸಿ ಕೊಟ್ಟ. ನಾಲ್ಕು ದಿನವಾದರೂ ಜ್ವರ ಪೂರ್ತಿ ಇಳಿಯದಾಗ ವೈದ್ಯರ ಬಳಿಗೆ ಹೋದರು, ರಕ್ತ ಕೊಟ್ಟರು. ಐದು ದಿನಗಳ ಮೇಲೆ ಬಂದ ಮೊದಲನೆಯ ಕಾಗದದಲ್ಲಿ "ಬೆಳವಣಿಗೆ ಇಲ್ಲ" ಎಂದಿತ್ತು. ರೋಗವೇ ಇಲ್ಲವೆಂದು ತಿಳಿದು ಮೂಟೆ ಹೊರಲು ಹೋದರು. ಎರಡು ವಾರ ಕಳೆಯಿತು, ಜ್ವರ ಮರಳಿತು. ಈ ಸಲ ಒಂದು ಮಾತ್ರೆಯನ್ನೂ ನುಂಗದೆ ರಕ್ತ ಕೊಟ್ಟರು. ಎರಡನೆಯ ಕಾಗದದಲ್ಲಿ ಟೈಫಾಯ್ಡ್ ಕ್ರಿಮಿಯ ಹೆಸರು, ಅದರ ಕೆಳಗೆ ಔಷಧಿಗಳ ಸಾಲು, ಒಂದೊಂದರ ಎದುರಿಗೆ ಎಸ್, ಐ, ಆರ್ ಎಂಬ ಅಕ್ಷರಗಳು.

ಮೊದಲನೆಯ ಕಾಗದ ಸುಳ್ಳು ಹೇಳಲಿಲ್ಲ. ಸೀಸೆಯಲ್ಲಿ ಕ್ರಿಮಿ ಬೆಳೆಯಲಿಲ್ಲ ಎಂದಷ್ಟೇ ಅದು ಹೇಳಿತು. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೇ ಕ್ರಿಮಿ, ಕೆಲವೊಮ್ಮೆ ಅದಕ್ಕೂ ಕಡಮೆ, ಇರುವುದುಂಟು. ದೊಡ್ಡವರಿಂದ ಎಂಟು ಹತ್ತು ಮಿಲಿಲೀಟರ್ ತೆಗೆಯುವುದು ಅದಕ್ಕಾಗಿಯೇ. "ಎಷ್ಟೊಂದು ರಕ್ತ ಎಳೆದರು" ಎಂದು ನಾವು ಗೊಣಗುವುದು ನ್ಯಾಯವಲ್ಲ. ಆ ರಕ್ತವನ್ನು ಮಾಂಸದ ಸಾರಿನಂಥ ದ್ರವವಿರುವ ಸೀಸೆಗೆ ಹಾಕಿ ಬೆಚ್ಚಗೆ ಇಡುತ್ತಾರೆ. ರಕ್ತದಲ್ಲಿ ಮೊದಲೇ ಮಾತ್ರೆಯ ಅಂಶವಿದ್ದರೆ ಅರೆಜೀವವಾದ ಕ್ರಿಮಿ ಅಲ್ಲಿ ತಲೆಯೆತ್ತುವುದಿಲ್ಲ. ದೇಹದೊಳಗೆ ಅಡಗಿದ್ದು ಮಾತ್ರ ಉಳಿದುಕೊಂಡಿರುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಈ ಪರೀಕ್ಷೆ ನೂರು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು 60 ಮಂದಿಯಲ್ಲಿ ಮಾತ್ರ ಕ್ರಿಮಿಯನ್ನು ಹಿಡಿಯುತ್ತದೆ. ಒಂದೇ ದಿನದಲ್ಲಿ ಉತ್ತರ ಕೊಡುವ ವಿಡಾಲ್ ಪರೀಕ್ಷೆ ಅಗ್ಗ, ನಿಜ. ಆದರೆ ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ, ಯಾವ ಔಷಧಿ ನಾಟುತ್ತದೆಂಬುದನ್ನಂತೂ ಅದು ಹೇಳುವುದೇ ಇಲ್ಲ.

ಸೀಸೆಯಲ್ಲಿ ಕ್ರಿಮಿ ಬೆಳೆದರೆ ಮುಂದಿನ ಕೆಲಸ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ತಟ್ಟೆಯ ಮೇಲೆ. ತಟ್ಟೆಯಲ್ಲಿ ಹೆಪ್ಪುಗಟ್ಟಿಸಿರುವುದು ಅಗರ್. ಅಂದರೆ ನಮ್ಮ ಅಂಗಡಿಗಳಲ್ಲಿ ಹಲ್ವಕ್ಕೆಂದು ಮಾರುವ ಚೈನಾಗ್ರಾಸೇ, ಕಡಲಪಾಚಿಯಿಂದ ಮಾಡಿದ್ದು. ಇದು ಪ್ರಯೋಗಶಾಲೆಗೆ ಬಂದದ್ದು ಅಡಿಗೆಮನೆಯಿಂದಲೇ. ಜರ್ಮನಿಯಲ್ಲಿ ರಾಬರ್ಟ್ ಕಾಖರ ಬಳಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆಯವರ ಜೆಲಾಟಿನ್ ಬೇಸಗೆಯಲ್ಲಿ ಕರಗಿ ನೀರಾಗುತ್ತಿತ್ತು. 1881ರಲ್ಲಿ ಅವರ ಹೆಂಡತಿ ಫ್ಯಾನಿ ಹೆಸ್ಸೆ, ತಾವು ಹಣ್ಣಿನ ಪಾಕಕ್ಕೆ ಬಳಸುತ್ತಿದ್ದ ಅಗರನ್ನು ಹಾಕಿ ನೋಡಿರೆಂದರು. ನೂರ ನಲವತ್ತು ವರ್ಷಗಳಿಂದ ಅದೇ ನಡೆದಿದೆ.

ಕ್ರಿಮಿಯನ್ನು ಉಪ್ಪುನೀರಿನಲ್ಲಿ ಕದಡಿ, ಆ ಕದಡು ಇಂತಿಷ್ಟೇ ಇರಬೇಕೆಂದು ಅಳೆದು, ಹತ್ತಿಕಡ್ಡಿಯಿಂದ ತಟ್ಟೆಯ ಮೇಲೆಲ್ಲ ಸವರುತ್ತಾರೆ. ಮೇಲೆ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ದೂರದೂರ ಇಡುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಹದಿನಾರು ಹದಿನೆಂಟು ಗಂಟೆ ಬೆಚ್ಚಗಿಟ್ಟು ತೆಗೆದರೆ ತಟ್ಟೆಯೆಲ್ಲ ಕ್ರಿಮಿಯ ಮಬ್ಬು ಪೊರೆ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ತಿಳಿಯಾದ ಬಳೆ. ಅಲ್ಲಿ ಔಷಧಿ ಕ್ರಿಮಿಯನ್ನು ಬೆಳೆಯಗೊಡಲಿಲ್ಲ. ಬಳೆಯ ಅಗಲವನ್ನು ಅಳತೆಪಟ್ಟಿ ಹಿಡಿದು ಅಳೆಯುತ್ತಾರೆ. ಮೊದಲು ಒಂದೊಂದು ಪ್ರಯೋಗಶಾಲೆ ಒಂದೊಂದು ರೀತಿ ಮಾಡುತ್ತಿತ್ತು. 1966ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬಾಯರ್, ಕರ್ಬಿ ಮತ್ತು ಸಂಗಡಿಗರು ಎಲ್ಲರೂ ಒಂದೇ ಕ್ರಮದಿಂದ ಮಾಡತಕ್ಕ ವಿಧಾನವನ್ನು ಪ್ರಕಟಿಸಿದರು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನೇ ಯಂತ್ರಗಳು ಬೇರೆ ರೀತಿಯಲ್ಲಿ ಮಾಡುತ್ತವೆ; ಕಾಗದದ ಮೇಲಿನ ಅಕ್ಷರಗಳು ಮಾತ್ರ ಅವೇ.

ಇಲ್ಲಿ ಒಂದು ಎಚ್ಚರಿಕೆ. ದೊಡ್ಡ ಬಳೆಯ ಔಷಧಿಯೇ ಉತ್ತಮವೆಂದು ತಿಳಿಯಬಾರದು. ಟೈಫಾಯ್ಡ್ ಕ್ರಿಮಿಯ ತಟ್ಟೆಯಲ್ಲಿ ಎರಡು ಔಷಧಿಗಳ ಬಳೆಯೂ 25 ಮಿಲಿಮೀಟರ್ ಇದೆಯೆನ್ನೋಣ. ಕ್ಲೋರಾಂಫೆನಿಕಾಲ್‌ಗೆ 18 ಇದ್ದರೆ ಸಾಕು, ಆದ್ದರಿಂದ ಅದರ ಎದುರು ಎಸ್: ನಾಟುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ಗೆ 31 ಬೇಕು; ಅದರ ಎದುರು ಐ: ನಡುವಿನ ಸ್ಥಿತಿ, ವೈದ್ಯರು ವಿವೇಚಿಸಬೇಕಾದದ್ದು. 20 ಅಥವಾ ಕಡಮೆ ಇದ್ದರೆ ಆರ್: ನಾಟುವುದಿಲ್ಲ. ನಾಟುವ ಔಷಧಿ ನಾಲ್ಕಿದ್ದರೂ ಯಾರಿಗೆ ಯಾವುದು, ಎಷ್ಟು ದಿನ ಎಂಬುದು ವೈದ್ಯರ ಕೆಲಸ. ಕ್ಲೋರಾಂಫೆನಿಕಾಲ್ ಅಪರೂಪಕ್ಕೆ ಎಲುಬಿನ ಮಜ್ಜೆಯನ್ನೇ ಕೆಡಿಸುವುದುಂಟು. ಕಾಗದ ಹಿಡಿದು ನೇರವಾಗಿ ಅಂಗಡಿಗೆ ಹೋಗತಕ್ಕದ್ದಲ್ಲ.

"ನನ್ನ ಮೈಗೆ ಆ ಮಾತ್ರೆ ರೂಢಿಯಾಗ್ಯದ" ಎನ್ನುವವರಿದ್ದಾರೆ. ರೂಢಿಯಾಗುವುದು ಮೈಗಲ್ಲ, ಕ್ರಿಮಿಗೆ. ಲಕ್ಷಾಂತರ ಕ್ರಿಮಿಗಳಲ್ಲಿ ಔಷಧಿಗೆ ಜಗ್ಗದ ನಾಲ್ಕಾರು ಇರುತ್ತವೆ. ಉಳಿದವು ಸತ್ತಾಗ ಅವುಗಳ ಸಂತಾನವೇ ಹೊಲವನ್ನು ಆಕ್ರಮಿಸುತ್ತದೆ. 1948ರಿಂದ ಟೈಫಾಯ್ಡಿಗೆ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್ 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಅನೇಕ ರೋಗಿಗಳಿಗೆ ನಾಟಲಿಲ್ಲ. ಮುಂದೆ ಸಿಪ್ರೊಫ್ಲಾಕ್ಸಾಸಿನ್ ಬಂತು, ಅದೂ ಸವೆಯಿತು. ಬಳಕೆ ತಪ್ಪಿದ ಹಳೆಯ ಕ್ಲೋರಾಂಫೆನಿಕಾಲ್ ಈಗ ನಮ್ಮ ದೇಶದ ಬಹುಪಾಲು ಟೈಫಾಯ್ಡ್ ಕ್ರಿಮಿಗಳಿಗೆ ಮತ್ತೆ ನಾಟುತ್ತಿದೆ. ತಟ್ಟೆಯನ್ನು ನೋಡದೆ ಇದು ಯಾರಿಗೆ ಗೊತ್ತಾಗಬೇಕು?

ಈ ಊರಿನ ಕ್ರಿಮಿಗಳಿಗೆ ಔಷಧಿಯ ಪರಿಚಯ ರೋಗಿಯ ಹೊಟ್ಟೆಯಲ್ಲಿ ಮಾತ್ರ ಆಗುವುದಲ್ಲ. ನಮ್ಮ ವಾಚಕರಲ್ಲಿ ಕೆಲವರು ಪಟಾನ್‌ಚೆರು, ಜೀಡಿಮೆಟ್ಲ ಕಡೆಯ ಔಷಧಿ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಅವರಿಗೆ ಅಲ್ಲಿಯ ಮೋರಿಯ ವಾಸನೆ ಗೊತ್ತು. ಪಟಾನ್‌ಚೆರುವಿನ ಸುಮಾರು 90 ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿಮಾಡುವ ಸ್ಥಾವರದಿಂದ ಹೊರಬೀಳುವ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್, ದಿನಕ್ಕೆ ಸುಮಾರು 45 ಕಿಲೋ. ಇಡೀ ಸ್ವೀಡನ್ ದೇಶ ಐದು ದಿನಗಳಲ್ಲಿ ನುಂಗುವಷ್ಟು ಔಷಧಿ! ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ಅರ್ಧಕ್ಕೆ ಮಾತ್ರೆ ಬಿಟ್ಟ ಹಮಾಲನೊಬ್ಬನನ್ನೇ ದೂರುವವರು ಈ ಲೆಕ್ಕವನ್ನೂ ಓದಬೇಕೆಂದು ನಮ್ಮ ಅಭಿಪ್ರಾಯ.

ಕ್ಷಯದ ಮಾತು ಬೇರೆ. ಅದರ ಕ್ರಿಮಿ ಬಹಳ ಸೋಮಾರಿ; ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕು, ಬೆಳೆಸಲು ವಾರಗಟ್ಟಲೆ ಕಾಯಬೇಕು. ಈಗ ಕಫದಲ್ಲಿ ಕ್ರಿಮಿಯ ವಂಶಧಾತುವನ್ನೇ ಹುಡುಕಿ, ಮುಖ್ಯ ಔಷಧಿಯಾದ ರಿಫಾಂಪಿಸಿನ್ ನಾಟುತ್ತದೆಯೇ ಎಂದು ಸುಮಾರು ಎರಡು ಗಂಟೆಯಲ್ಲಿ ಹೇಳುವ ಯಂತ್ರಗಳಿವೆ. ಸರಕಾರದ ಕ್ಷಯ ಕಾರ್ಯಕ್ರಮದಲ್ಲಿ ಇದಕ್ಕೆ ದುಡ್ಡಿಲ್ಲ. ಎರಡು ವಾರಕ್ಕೆ ಮೀರಿದ ಕೆಮ್ಮಿದ್ದವರು ಕೇಳಿ ಮಾಡಿಸಿಕೊಳ್ಳಬಹುದು.

ಜ್ವರಕ್ಕೆ ಎಲ್ಲಿಗೆ ಹೋಗಬೇಕೆಂದು ಹೊಸಬರು ಕೇಳುತ್ತಾರೆ. ನಲ್ಲಕುಂಟದ ಸರಕಾರಿ ಜ್ವರದ ಆಸ್ಪತ್ರೆ ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡ ರೊನಾಲ್ಡ್ ರಾಸ್ ಅವರ ಹೆಸರಿದೆ. ಆಟೋದವನಿಗೆ ಆ ಹೆಸರು ಹೇಳಿದರೆ ತಿಳಿಯದು, "ಕೋರಂಟಿ" ಎನ್ನಬೇಕು. ಕ್ವಾರಂಟೈನ್ ಎಂಬುದು ಜನರ ಬಾಯಲ್ಲಿ ಹಾಗಾಗಿದೆ. ಎಲ್ಲಿಗೆ ಹೋದರೂ ಈ ಮೊದಲು ಯಾವ ಮಾತ್ರೆ, ಎಷ್ಟು ದಿನ ನುಂಗಿದಿರೆಂಬುದನ್ನು ಮುಚ್ಚಿಡದೆ ಹೇಳಿ, ಖಾಲಿ ಪಟ್ಟಿಯನ್ನು ತೋರಿಸಿರಿ. ಹಿಂಬದಿಯಲ್ಲಿ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ.

ನಮ್ಮ ಹಮಾಲರ ಎರಡನೆಯ ಕಾಗದವನ್ನು ನೋಡಿ ವೈದ್ಯರು ಮಾತ್ರೆ ಬದಲಿಸಿದರು. ಅಂಗಡಿಯವನು ಕೊಟ್ಟಿದ್ದ ಮಾತ್ರೆಯ ಎದುರಿಗೆ ಆರ್ ಇತ್ತು. ಎಲ್ಲ ಸೇರಿ 26 ದಿನದ ಕೂಲಿ ಹೋಯಿತೆಂದು ಅವರೇ ಲೆಕ್ಕ ಹೇಳಿದರು. ಎರಡೂ ಕಾಗದಗಳನ್ನು ಈಗ ರೇಶನ್ ಕಾರ್ಡಿನ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾರೆ. ಊರಿಗೆ ಹೋದಾಗ ಬೇನೆ ಬಿದ್ದರೆ ಅಲ್ಲಿಯ ಡಾಕ್ಟರಿಗೂ ತೋರಿಸುತ್ತಾರಂತೆ.