ಅಕ್ಷರ ಬಾರದವನ ಬೀದಿ

ನಲವತ್ತು ವರ್ಷ ಅಕ್ಷರವನ್ನೇ ನಂಬಿ ಬದುಕಿದವನು ಒಂದು ಬೆಳಗ್ಗೆ ನಿರಕ್ಷರಿಯಾಗಿ ಏಳುವುದುಂಟೆ? ಜಪಾನಿನ ಒಸಾಕಾ ನಗರದಲ್ಲಿದ್ದ ಮಗಳ ಮನೆಗೆ ಹೋದಾಗ ನನಗೊದಗಿದ್ದು ಇದೇ ಸ್ಥಿತಿ. ಬೀದಿಯ ಇಕ್ಕೆಲಗಳಲ್ಲೂ ಫಲಕಗಳು. ಕೆಲವು ಅಡ್ಡಲಾಗಿ, ಕೆಲವು ಮೇಲಿನಿಂದ ಕೆಳಕ್ಕೆ. ಚೀನೀ ಮೂಲದ ಕಾಂಜಿ, ಅದರಿಂದ ಅಲ್ಲಿಯೇ ಬೆಳೆದ ಹಿರಗಾನ, ಕತಕಾನ ಈ ಮೂರೂ ಲಿಪಿಗಳು ಒಂದೇ ಫಲಕದಲ್ಲಿ ಜೊತೆಗೂಡಿರುವುದೂ ಉಂಟು. ಇವುಗಳಲ್ಲಿ ಯಾವುದು ಊಟದ ಮನೆ, ಯಾವುದು ಔಷಧದಂಗಡಿ ಎಂದು ನನಗೆ ತಿಳಿಯುವ ಬಗೆ ಹೇಗೆ?

ಎರಡು ದಿನ ಅಡ್ಡಾಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಅಲ್ಲಿಯ ಅಂಗಡಿಗಳಿಗೆ ಅಕ್ಷರವಿಲ್ಲದೆಯೂ ಮಾತನಾಡುವುದು ಗೊತ್ತು. ಬಾಗಿಲ ಮೇಲಿನಿಂದ ಇಳಿಬಿಟ್ಟ ಸೀಳುಬಟ್ಟೆಯ ತೆರೆಗೆ ನೊರೆನ್ ಎಂದು ಹೆಸರು. ಅದು ಹೊರಗೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ. ಒಳಗೆ ತೆಗೆದರೆ ಆ ದಿನದ ವ್ಯಾಪಾರ ಮುಗಿದಿದೆ. ಬಹುಕಾಲ ದುಡಿದ ಸೇವಕನಿಗೆ ಯಜಮಾನನು ತನ್ನ ಅಂಗಡಿಯ ಹೆಸರಿನಲ್ಲಿಯೇ ಬೇರೊಂದು ಅಂಗಡಿ ತೆರೆಯಲು ಒಪ್ಪಿಗೆ ಕೊಡುವುದನ್ನು ‘ನೊರೆನ್ ಹಂಚುವುದು’ ಎನ್ನುತ್ತಾರೆ. ವ್ಯಾಪಾರದ ಸತ್ಕೀರ್ತಿಗೆ, ಲೆಕ್ಕಪತ್ರದವರು ಗುಡ್‌ವಿಲ್ ಎನ್ನುವುದಕ್ಕೆ, ಜಪಾನೀಯರ ಮಾತು ಕೂಡ ನೊರೆನ್ ಎಂದೇ. ಅಕ್ಕಿಯ ಮದ್ಯ ತಯಾರಿಸುವ ಮನೆಯ ಮುಂದೆ ಸೀಡರ್ ಜಾತಿಯ ಮರದ ಎಲೆಗಳ ದೊಡ್ಡ ಚೆಂಡು ತೂಗುತ್ತದೆ. ಅದು ಹಸುರಾಗಿದ್ದರೆ ಹೊಸ ಮದ್ಯ ಸಿದ್ಧವಾಗಿದೆ ಎಂದರ್ಥ. ತಿಂಗಳುಗಳು ಕಳೆದಂತೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ.

ಆದರೆ ನನ್ನನ್ನು ನಿಲ್ಲಿಸಿ ನೋಡಿಸಿದ್ದು ಉಪಾಹಾರಗೃಹಗಳ ಗಾಜಿನ ಕಪಾಟು. ಬಟ್ಟಲಿನಲ್ಲಿ ಶ್ಯಾವಿಗೆ, ತಟ್ಟೆಯಲ್ಲಿ ಅನ್ನ, ಲೋಟದಲ್ಲಿ ನೊರೆಯೇಳುವ ಪಾನೀಯ, ಪಕ್ಕದಲ್ಲಿ ಬೆಲೆ. ಎಲ್ಲವೂ ಕೃತಕ! ಗಿಫು ಪ್ರಾಂತದ ಗುಜೊ ಹಾಚಿಮಾನ್ ಎಂಬ ಊರಿನಲ್ಲಿ ಹುಟ್ಟಿದ ಇವಾಸಾಕಿ ತಾಕಿಜೊ ಎಂಬವನು 1932ರಲ್ಲಿ ಇದೇ ಒಸಾಕಾದಲ್ಲಿ ಮೇಣದ ತಿನಿಸುಗಳನ್ನು ಮಾಡುವುದನ್ನೇ ಉದ್ಯಮವಾಗಿಸಿದನು. ಮೇಣ ಬಿಸಿಲಿಗೆ ಕರಗುವ ಪದಾರ್ಥವಾದ್ದರಿಂದ ಮುಂದೆ ಅದರ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿತು. ಅವನ ಹುಟ್ಟೂರಿನಲ್ಲಿ ಇಂದಿಗೂ ಈ ಕಸುಬು ನಡೆಯುತ್ತಿದೆ. ಪರದೇಶಿಯಾದವನು ಬೆರಳು ತೋರಿಸಿದರೆ ಸಾಕು, ಊಟ ಬರುತ್ತದೆ.

ಆದರೂ ಕಣ್ಣಿಗೆ ಕಂಡದ್ದೆಲ್ಲ ಪೂರ್ಣ ಸತ್ಯವಲ್ಲ. ಸೊಪ್ಪು, ಈರುಳ್ಳಿ ಮಾತ್ರ ಕಾಣುವ ಶ್ಯಾವಿಗೆಯ ಬಟ್ಟಲೊಂದನ್ನು ನಾನು ಸಂತೋಷದಿಂದ ತೋರಿಸಿದಾಗ ಮಗಳು ಕೈ ಹಿಡಿದು ತಡೆದಳು. ಅದರ ತಿಳಿಸಾರು ಒಣಮೀನಿನದಂತೆ! ಮಾದರಿಯು ರೂಪವನ್ನು ಹೇಳುತ್ತದೆ, ರಸವನ್ನು ಹೇಳುವುದಿಲ್ಲ.

ದೊತೊಂಬೊರಿ ಕಾಲುವೆಯ ಬದಿಯಲ್ಲಿ ಬೇರೊಂದು ಬಗೆಯ ಮಾತಿದೆ. ಎರಡೂ ಕೈಯೆತ್ತಿ ಗುರಿ ಮುಟ್ಟುವ ಓಟಗಾರನ ದೀಪಚಿತ್ರ ಅದು; ಗ್ಲಿಕೊ ಎಂಬ ಮಿಠಾಯಿಯ ಜಾಹೀರಾತು. ಒಂದು ಮಿಠಾಯಿ ತಿಂದರೆ 300 ಮೀಟರ್ ಓಡುವ ಶಕ್ತಿ ಬರುವುದೆಂಬುದು ಅವರ ಹಳೆಯ ಘೋಷಣೆ. 1935ರಲ್ಲಿ ಮೊದಲು ನಿಂತ ಈ ಚಿತ್ರವನ್ನು 1943ರಲ್ಲಿ ಯುದ್ಧಕ್ಕೆ ಲೋಹ ಬೇಕೆಂದು ಕಳಚಿದರು. ಯುದ್ಧಾನಂತರ ಮತ್ತೆ ನಿಲ್ಲಿಸಿದರು. 2014ರಲ್ಲಿ ಬೆಳಗಿದ್ದು ಅದರ ಆರನೆಯ ರೂಪ. ಇದು ಜನರನ್ನು ಕೂಗಿ ಕರೆಯುವ ಮಾತು. ಗಾಜಿನ ಕಪಾಟಿನದು ಕೈ ಹಿಡಿದು ಒಳಗೆ ಕರೆದೊಯ್ಯುವ ಮಾತು. ನನಗೆ ಎರಡನೆಯದೇ ಹಿತವೆನಿಸಿತು.

ಅಕ್ಷರ ಬಾರದ ನನ್ನ ತಾಯಿ ಹಿಂದೊಮ್ಮೆ ಮೈಸೂರಿಗೆ ಬಂದಿದ್ದಾಗ ಪ್ರತಿ ಅಂಗಡಿಯ ಮುಂದೆಯೂ ನಿಂತು, “ಇದೇನಪ್ಪ?” ಎಂದು ಕೇಳುತ್ತಿದ್ದರು. “ಮೇಲೆ ಬರೆದಿದೆಯಲ್ಲಮ್ಮ” ಎಂದು ನಾನು ಸಿಡುಕಿದ್ದೆ. ಅವರು ಮತ್ತೆ ಕೇಳಲಿಲ್ಲ. ಒಸಾಕಾದ ಆ ಕಪಾಟಿನ ಮುಂದೆ ಬೆರಳು ಚಾಚಿ ನಿಂತಾಗ ಆ ಸಂಜೆ ನೆನಪಾಯಿತು. ಗಾಜಿನೊಳಗೆ ಆ ತಟ್ಟೆಯನ್ನು ಜೋಡಿಸಿಟ್ಟ ಯಾರೋ ಅಪರಿಚಿತರು ನನಗೆ ತೋರಿದ ಸೌಜನ್ಯವನ್ನು ನಾನು ನನ್ನ ತಾಯಿಗೇ ತೋರಿಸಿರಲಿಲ್ಲ.