ಗಣಕಯಂತ್ರ ಸ್ತಬ್ಧವಾದಾಗ: ಲೆಕ್ಕಪತ್ರದ ದೃಷ್ಟಿಯಿಂದ ಕೆಲವು ವಿಚಾರಗಳು

ಪ್ರತಿ ತಿಂಗಳ 20ನೆಯ ತಾರೀಖು ಸಮೀಪಿಸುತ್ತಿದ್ದಂತೆ ನಮ್ಮ ಕಚೇರಿಗೆ ಬರುವ ದೂರವಾಣಿ ಕರೆಗಳಲ್ಲಿ ತೆರಿಗೆಗೆ ನೇರ ಸಂಬಂಧವಿಲ್ಲದ ಅಳಲೊಂದು ಆಗಾಗ ಕೇಳಿಬರುತ್ತದೆ. “ಸಾರ್, ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಏನೋ ಬರೆದು ಎಫ್1 ಒತ್ತಿ ಎನ್ನುತ್ತದೆ, ಒಳಗೆ ಹೋದರೆ ಅರ್ಧ ಗಂಟೆಯಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ” ಎಂಬುದು ಅದರ ಸಾರ. ಹಗಲು ಅಂಗಡಿಯಲ್ಲಿದ್ದು ರಾತ್ರಿ ಮನೆಯ ಗಣಕಯಂತ್ರದಲ್ಲಿ ಲೆಕ್ಕ ಬರೆಯುವ ವರ್ತಕರು ನಮ್ಮಲ್ಲಿ ಬಹಳ. ಆದ್ದರಿಂದ ಈ ವಿಷಯವನ್ನು ರಿಪೇರಿಯವರಿಗೆ ಬಿಟ್ಟು ಸುಮ್ಮನಿರಲಾಗದು.

ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿ ಬಯಾಸ್ ಎಂಬ ಮೂಲ ತಂತ್ರಾಂಶವಿರುತ್ತದೆ. ಈಚಿನ ಯಂತ್ರಗಳಲ್ಲಿ ಇದರ ಪರಿಷ್ಕೃತ ರೂಪಕ್ಕೆ ಯು.ಇ.ಎಫ್.ಐ. ಎಂದು ಹೆಸರು. ವಿಂಡೋಸ್ ಆರಂಭವಾಗುವ ಮೊದಲೇ ಇದು ಮೆಮೊರಿ, ಡಿಸ್ಕ್, ಕೀಲಿಮಣೆಗಳನ್ನು ಪರೀಕ್ಷಿಸುತ್ತದೆ. ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು ಸಿ.ಆರ್. 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ. ಕೆಲವು ವರ್ಷಗಳಲ್ಲಿ ಅದು ದುರ್ಬಲವಾದಾಗ ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಸೂಚನೆ ಬರುತ್ತದೆ, ಇಲ್ಲವೆ ದಿನಾಂಕ ಹಿಂದಿನ ಯಾವುದೋ ವರ್ಷದ ಜನವರಿ 1ಕ್ಕೆ ಜಾರುತ್ತದೆ. ನೂರು ರೂಪಾಯಿಯೂ ಬೇಡದ ಈ ಬ್ಯಾಟರಿಯನ್ನು ಬದಲಿಸಿ ದಿನಾಂಕ ಸರಿಪಡಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಕೆಲಸ ಮುಗಿಯಿತು. ಆದರೆ ಬ್ಯಾಟರಿ ತೆಗೆಯುವ ಮುನ್ನ ಪ್ಲಗ್ ಕಿತ್ತಿಡಬೇಕು. ಬಯಾಸ್ ಪರದೆಯ ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಡಿಸ್ಕ್ ಕಾರ್ಯವಿಧಾನದ ಆಯ್ಕೆ ಮೂಲಸ್ಥಿತಿಗೆ ಮರಳಿದರೆ ವಿಂಡೋಸ್ ತೆರೆಯದೆ ಹೋಗಬಹುದು. ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗುವವರಲ್ಲಿ ಅನೇಕರಿಗೆ ಆಗಿರುವುದು ಇಷ್ಟೇ.

ಲೆಕ್ಕಿಗನಾದ ನನಗೆ ಈ ಪುಟ್ಟ ಬ್ಯಾಟರಿಯ ಬಗ್ಗೆ ಇಷ್ಟು ಆಸಕ್ತಿ ಏಕೆಂದರೆ, ದಿನಾಂಕವೇ ಲೆಕ್ಕಪತ್ರದ ಬೆನ್ನೆಲುಬು. ನಮ್ಮ ಕಕ್ಷಿದಾರರಾದ ಕಬ್ಬಿಣದ ಸಾಮಾನುಗಳ ವ್ಯಾಪಾರಿಯೊಬ್ಬರು ದಿನವೂ ಎಫ್1 ಒತ್ತಿ ಮುಂದೆ ಸಾಗುವುದನ್ನೇ ರೂಢಿ ಮಾಡಿಕೊಂಡಿದ್ದರು. ಅಂತರ್ಜಾಲ ಸಂಪರ್ಕವಿಲ್ಲದ ದಿನಗಳಲ್ಲಿ ಅವರ ಬಿಲ್ಲಿಂಗ್ ತಂತ್ರಾಂಶ ಯಂತ್ರದ ಗಡಿಯಾರವನ್ನೇ ನಂಬಿ ಹಳೆಯ ವರ್ಷದ ದಿನಾಂಕ ಹಾಕುತ್ತಿತ್ತು. ಖರೀದಿದಾರರು ತಮ್ಮ ಹೂಡುವಳಿ ತೆರಿಗೆ ಜಮೆ ಕಾಣುತ್ತಿಲ್ಲವೆಂದು ತಗಾದೆ ತೆಗೆದಾಗ ವಿಷಯ ಹೊರಬಿತ್ತು. ಬಿಲ್ಲುಗಳನ್ನು ಒಂದೊಂದಾಗಿ ಲಾರಿ ರಸೀದಿಯೊಡನೆ ತಾಳೆ ನೋಡಿ ಸರಿಪಡಿಸಲು ವಾರ ಹಿಡಿಯಿತು. ಆ ನಡುವೆ ಒಬ್ಬ ಹಳೆಯ ಗಿರಾಕಿ ಬೇರೆ ಅಂಗಡಿ ನೋಡಿಕೊಂಡರು. ವರ್ಷಗಳಷ್ಟು ಹಿಂದಿರುವ ಗಡಿಯಾರದಿಂದ ಇನ್ನೊಂದು ತೊಡಕೂ ಉಂಟು. ಜಾಲತಾಣಗಳ ಭದ್ರತಾ ಪ್ರಮಾಣಪತ್ರದ ಅವಧಿ ಹೊಂದದೆ ಬ್ರೌಸರ್ ಪೋರ್ಟಲ್ ತೆರೆಯಲು ನಿರಾಕರಿಸುತ್ತದೆ. ದೋಷ ಪೋರ್ಟಲಿನದೆಂದು ಬೈದು ಪ್ರಯೋಜನವಿಲ್ಲ.

ಇನ್ನು ಯಂತ್ರ ಸ್ತಬ್ಧವಾಗುವ ಸಮಸ್ಯೆ. ಇಲ್ಲಿ ಪ್ರಥಮ ಕರ್ತವ್ಯ ಕಾರಣ ಹುಡುಕುವುದಲ್ಲ. ಯಂತ್ರ ನಡೆಯುತ್ತಿರುವ ಅಷ್ಟು ಹೊತ್ತಿನಲ್ಲೇ ಲೆಕ್ಕದ ದತ್ತಾಂಶವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವುದು. ರಿಪೇರಿಗೆ ಬಂದವರು ಕೂಡಲೇ “ಫಾರ್ಮ್ಯಾಟ್ ಮಾಡಿಬಿಡೋಣ” ಎಂದರೆ ಒಪ್ಪಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಯಾಸ್ ಪರದೆಯಲ್ಲೇ ಯಂತ್ರ ನಿಂತುಹೋಗುತ್ತಿದ್ದರೆ ವಿಂಡೋಸನ್ನು ಹೊಸದಾಗಿ ಹಾಕಿದರೂ ಗುಣವಾಗದು, ನಿಮ್ಮ ಲೆಕ್ಕ ಮಾತ್ರ ಅಳಿದೀತು. ಆರಂಭಿಸಿ ಸ್ವಲ್ಪ ಹೊತ್ತಿನ ಬಳಿಕ, ಕೆಲಸದ ಭಾರ ಹೆಚ್ಚಿದಾಗ ನಿಲ್ಲುವುದಾದರೆ ಶಾಖದ ಮೇಲೆ ಶಂಕೆ: ಫ್ಯಾನಿನ ಧೂಳು ತೆಗೆಸಿ. ಹೊತ್ತುಗೊತ್ತಿಲ್ಲದೆ ನಿಲ್ಲುವುದಾದರೆ ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಹಾಕಿ ನೋಡಬೇಕು, ವಿಂಡೋಸಿನಲ್ಲಿರುವ ಮೆಮೊರಿ ಪರೀಕ್ಷೆಯನ್ನೂ ನಡೆಸಬೇಕು. ‘ಈವೆಂಟ್ ವ್ಯೂವರ್’ನಲ್ಲಿ ಕಾಣುವ ‘ಕರ್ನಲ್ ಪವರ್ 41’ ಎಂಬ ದಾಖಲೆ ಯಂತ್ರ ಸರಿಯಾಗಿ ಮುಚ್ಚಲ್ಪಡಲಿಲ್ಲವೆಂದಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಬಹಳ ಹಳೆಯ ಬೋರ್ಡುಗಳಲ್ಲಿ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದೂ ನೋಡಬೇಕು. ಈ ದೋಷದ ಗಣಕಯಂತ್ರಗಳ ದುರಸ್ತಿಗಾಗಿ ಡೆಲ್ ಸಂಸ್ಥೆ 2005ರಲ್ಲಿ 30 ಕೋಟಿ ಡಾಲರ್ ವೆಚ್ಚವನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡಿತ್ತು.

ಬಯಾಸನ್ನು ನವೀಕರಿಸಬೇಕೆ? ಸುಮ್ಮನೆ ಬೇಡ, ಕಾರಣವಿದ್ದರೆ ತಪ್ಪದೆ ಬೇಕು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಧಿಕ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದುದಕ್ಕೆ 2024ರ ಆಗಸ್ಟಿನಲ್ಲಿ ಬಂದ ಪರಿಹಾರ ಬಯಾಸ್ ನವೀಕರಣದ ಮೂಲಕವೇ ಬಂದಿತು. ಅವುಗಳ ವಾರಂಟಿಯನ್ನೂ 2 ವರ್ಷ ವಿಸ್ತರಿಸಲಾಯಿತು. ಅಂಥ ಯಂತ್ರ ಉಳ್ಳವರು ತಮ್ಮ ಬಿಲ್ಲನ್ನು ಹುಡುಕಿ ಇಟ್ಟುಕೊಳ್ಳುವುದು ಒಳಿತು. ನವೀಕರಣದ ನಡುವೆ ವಿದ್ಯುತ್ ಹೋದರೆ ಬೋರ್ಡೇ ನಿಷ್ಕ್ರಿಯವಾಗಬಹುದಾದ್ದರಿಂದ ಯು.ಪಿ.ಎಸ್. ಇಲ್ಲದೆ ಆರಂಭಿಸಬಾರದು. ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ ಯಂತ್ರವು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡದಿದ್ದರೆ ಡಿಸ್ಕ್ ಚೆನ್ನಾಗಿದ್ದೂ ಲೆಕ್ಕ ಕೈಗೆ ಸಿಗದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಜಿ.ಎಸ್.ಟಿ. ನಿಯಮ 57ರ ಪ್ರಕಾರ ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಯುಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕು. ಕಾಯ್ದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಕಂಪನಿಯಾಗಿ ನೋಂದಣಿಯಾದ ಸದಸ್ಯರು ಬಳಸುವ ಲೆಕ್ಕದ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು. ಗಡಿಯಾರವೇ ತಪ್ಪಿದ್ದರೆ ಆ ದಾಖಲೆಯ ಬಗ್ಗೆ ಲೆಕ್ಕ ಪರಿಶೋಧಕರು ಪ್ರಶ್ನೆ ಎತ್ತದಿರುವುದು ಸಾಧ್ಯವಿಲ್ಲ.

ಕೊನೆಯದಾಗಿ ರಿಪೇರಿಯ ಬಿಲ್ಲಿನ ಬಗ್ಗೆ ಒಂದು ಮಾತು. ಅದನ್ನು ಸಂಸ್ಥೆಯ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆಯೊಡನೆ, ಬದಲಿಸಿದ ಬಿಡಿಭಾಗದ ಕ್ರಮಸಂಖ್ಯೆ ನಮೂದಿಸಿ ಪಡೆಯಿರಿ. ಅದೇ ಯಂತ್ರದಲ್ಲಿ ಮಕ್ಕಳ ಓದು, ಮನೆಮಂದಿಯ ಸಿನಿಮಾ ಎಲ್ಲವೂ ನಡೆಯುವುದಾದರೆ ವ್ಯಾಪಾರಕ್ಕೆ ಬಳಕೆಯಾದ ಪಾಲಿಗೆ ಮಾತ್ರ ತೆರಿಗೆ ಜಮೆ ದೊರೆಯುತ್ತದೆ.